ಕರೆಂಟು ಹೋದಾಗ ಓಡುತ್ತಿದ್ದ ರೈಲು

ಬೋರಗಾಂವದಲ್ಲಿ ಮನೆಗೊಂದಷ್ಟು ಕರೆಂಟಿನ ಮಗ್ಗ ಇದ್ದ ಕಾಲ ಅದು. ಆ ಖಟಖಟದಲ್ಲೇ ಉಂಡು, ಆ ಖಟಖಟದಲ್ಲೇ ಮಲಗಿ, ಪಕ್ಕದಲ್ಲಿ ಕೂತವರಿಗೂ ಕೂಗಿ ಹೇಳಿ ಬೆಳೆದವರು ನಾವು. ನೆಂಟರ ಊರಿಗೆ ಹೋದರೆ ಈ ಹುಡುಗಿ ಯಾಕೆ ಇಷ್ಟು ಒದರುತ್ತಾಳೆ ಎಂದು ಎಲ್ಲರೂ ಕೇಳುತ್ತಿದ್ದರು. ನಮ್ಮೂರಿನಲ್ಲಿ ಎಲ್ಲ ಇತ್ತು, ರೈಲೊಂದು ಇರಲಿಲ್ಲ. ಒಮ್ಮೆ ಕುಡಚಿಯ ಹತ್ತಿರ, ಕೃಷ್ಣೆಯ ಸೇತುವೆ ಮೇಲೆ ರೈಲು ಹೋಗುವುದನ್ನು ಬಸ್ಸಿನ ಕಿಟಕಿಯಿಂದ ನೋಡಿದ್ದೆ. ಅವತ್ತೇ ಹುಚ್ಚು ಹಿಡಿಯಿತು.

ನಾನು ಐದನೇ ಇಯತ್ತೆ ಮುಗಿಸಿದ ಬೇಸಿಗೆ ಸೂಟಿಯಲ್ಲಿ ಮಿರಜದ ಸೋದರಮಾವ ಒಂದು ಪೆಟ್ಟಿಗೆ ತಂದುಕೊಟ್ಟ. ಒಳಗೆ ಸೆಲ್ಲಿನ ಮೇಲೆ ಓಡುವ ಕರಿ ಎಂಜಿನ್ನು, ಮೂರು ಕೆಂಪು ಬೋಗಿ, ಒಂದಕ್ಕೊಂದು ಸಿಕ್ಕಿಸುವ ಪ್ಲಾಸ್ಟಿಕ್ ಹಳಿ. ಪಕ್ಕದ ಮನೆಯ ಗೆಳತಿ ಶಬಾನಾಳನ್ನು ಕರೆಯಲು ಚಪ್ಪಲಿ ಮರೆತು ಓಡಿದೆ. ಅವಳಪ್ಪ ಇಮಾಮ್ ಕಾಕಾ ನಮ್ಮ ಮಗ್ಗಗಳನ್ನು ರಿಪೇರಿ ಮಾಡುತ್ತಿದ್ದವರು.

ಮಗ್ಗದ ಮನೆಯ ಒಂದು ಮೂಲೆ ಖಾಲಿ ಇತ್ತು. ಅಲ್ಲಿ ಹಳೆಯ ಬಾಗಿಲ ಹಲಗೆ ಹಾಕಿ ನಾವಿಬ್ಬರೂ ರೈಲುಮಾರ್ಗ ಕಟ್ಟಿದೆವು. ನೂಲು ಹೊತ್ತು ಮಗ್ಗದ ಆಚೆ ಈಚೆ ಓಡುವ ಲಾಳಿಗೆ ನಮ್ಮಲ್ಲಿ ಧೋಟಾ ಅನ್ನುತ್ತಾರೆ. ಸವೆದು ಬಿಸಾಕಿದ ಧೋಟಾಗಳನ್ನು ಹೊಂದಿಸಿಟ್ಟು ಮೇಲೆ ಹಳಿ ಜೋಡಿಸಿದೆವು. ಒಂದು ಕಡೆ ಧೋಟಾ ಇಡದೆ ಜಾಗ ಬಿಟ್ಟು ಕೆಳಗೆ ನೀರು ತುಂಬಿದ ತಾಟು ಇಟ್ಟೆವು. ಅದೇ ಕೃಷ್ಣಾ ಹೊಳೆ. ನೂಲು ಸುತ್ತುವ ಕಂಡಿಕೆಗಳು ಖಾಲಿಯಾದವು ಸಿಗ್ನಲ್ ಕಂಬ. ಎಣ್ಣೆ ಮತ್ತು ಗಂಜಿ ಹಾಕಿದ ನೂಲಿನ ವಾಸನೆಯ ನಡುವೆ, ಅವ್ವ ಕೊಟ್ಟ ಚುರುಮುರಿ ಮುಕ್ಕುತ್ತ, ನಾವು ರಾಯಬಾಗದಿಂದ ಮಿರಜದವರೆಗಿನ ಒಡೆಯರಾಗಿದ್ದೆವು.

ಒಡೆತನ ಹತ್ತು ಎಣಿಸುವಷ್ಟರಲ್ಲಿ ಮುಗಿಯಿತು. ಎಂಜಿನ್ನು ಹೊರಟಿತು, ತಿರುವು ದಾಟಿತು, ಸೇತುವೆ ಹತ್ತಿತು, ನೆಟ್ಟಗೆ ಹೊಳೆಗೆ ಬಿತ್ತು. ಎತ್ತಿ ಒರೆಸಿ ಬಿಟ್ಟರೆ ಮತ್ತೆ ಬಿತ್ತು. ನಮ್ಮ ಎಂಟು ಮಗ್ಗ ಒಟ್ಟಿಗೆ ಬಡಿಯುವಾಗ ನೆಲವೇ ನಡುಗುತ್ತಿತ್ತು; ತಾಟಿನ ನೀರಿನಲ್ಲಿ ಸಣ್ಣ ತೆರೆಗಳು ಏಳುತ್ತಲೇ ಇದ್ದವು. ಹಳಿಯ ಕೀಲುಗಳು ತಾವಾಗಿಯೇ ಬಿಚ್ಚಿಕೊಳ್ಳುತ್ತಿದ್ದವು. ಸಿಟ್ಟು ಬಂದು ನಾನು ಎಂಜಿನ್ನಿಗೇ ಬೈದೆ, ಶಬಾನಾ ನನಗೆ ಬೈದಳು.

ಕರೆಂಟು ಹೋದಾಗ ಮಾತ್ರ ರೈಲು ಚೆಂದ ಓಡುತ್ತಿತ್ತು. ಮಗ್ಗ ನಿಲ್ಲುತ್ತಿದ್ದವು, ಹೊಳೆ ಕನ್ನಡಿಯ ಹಾಗೆ ಆಗುತ್ತಿತ್ತು. ನಾವು ಸುತ್ತಿನ ಮೇಲೆ ಸುತ್ತು ಓಡಿಸಿ ಕುಣಿಯುತ್ತಿದ್ದೆವು. ಅಪ್ಪ ಆರಿದ ಬಲ್ಬನ್ನೇ ನೋಡುತ್ತ ಕೂತು, ಇಡೀ ಊರು ಕರೆಂಟು ಬರಲಿ ಎಂದು ಬೇಡಿಕೊಳ್ಳುವಾಗ ನಾವಿಬ್ಬರು ಹೋಗಲಿ ಎಂದು ಬೇಡಿಕೊಳ್ಳುತ್ತಿದ್ದೆವು.

ಒಂದು ಮಧ್ಯಾಹ್ನ ಅವಸರದ ಕೆಲಸ ನಡೆದಾಗಲೇ ಕರೆಂಟು ಹೋಯಿತು. ನನಗೆ ತಡೆಯಲಾಗಲಿಲ್ಲ, ಎದ್ದು ಜೋರಾಗಿ ಚಪ್ಪಾಳೆ ತಟ್ಟಿದೆ. ಮಗ್ಗ ಆಗಷ್ಟೇ ನಿಂತ ನಿಶ್ಶಬ್ದದಲ್ಲಿ ಆ ಚಪ್ಪಾಳೆ ಎಲ್ಲರಿಗೂ ಕೇಳಿಸಿತು. ನೇಕಾರರು ತಲೆ ತಗ್ಗಿಸಿದರು. ಅವ್ವ ಸೆರಗು ಬಾಯಿಗೆ ಒತ್ತಿಕೊಂಡಳು. ನೇಕಾರರ ಮನೆಯಲ್ಲಿ ಯಾವ ಮಗುವೂ ಮಾಡದ ತಪ್ಪು ಅದು. ನಾಚಿಕೆಯಿಂದ ನೆಲ ಬಾಯಿಬಿಡಬಾರದೇ ಅನ್ನಿಸಿತು. ಅಪ್ಪ ಹೊಡೆಯಲಿಲ್ಲ. ಹತ್ತಿರ ಬಂದು ರೈಲನ್ನು ಸ್ವಲ್ಪ ಹೊತ್ತು ನೋಡಿದರು.

"ಮಗ್ಗ ಓಡೂವಾಗ ಬೀಳದಂಗ ಒಂದ್ ಸುತ್ತು ಹಾಕ್ಸಿ ತೋರ್ಸು," ಅಂದರು. "ತೋರ್ಸಿದಿ ಅಂದ್ರ ಈ ಮೂಲಿ ನಿಂದು. ಇಲ್ಲಂದ್ರ ಬೀಮು ಬಂದ ದಿನಾನ ಎಲ್ಲಾ ಅಟ್ಟಕ್ಕ."

ಹಾಸುನೂಲು ಸುತ್ತಿದ ದಪ್ಪ ಉರುಳೆಯೇ ಬೀಮು. ಅವನ್ನು ಇಡುತ್ತಿದ್ದದ್ದು ಆ ಮೂಲೆಯಲ್ಲೇ. ಅವು ಇಚಲಕರಂಜಿಯಿಂದ ಬರಲು ನಾಲ್ಕೇ ದಿನ ಇತ್ತು.

ಹಳಿಯ ಕೀಲುಗಳಿಗೆ ದಾರ ಬಿಗಿದೆವು. ಬಿತ್ತು. ಬೋಗಿಯಲ್ಲಿ ಹುಣಸೆ ಬೀಜ ತುಂಬಿ ಭಾರ ಮಾಡಿದೆವು. ಭಾರದ ಸಮೇತ ಬಿತ್ತು. ಸೆಲ್ಲು ಸೋತಿವೆ ಎಂದು ತಗಡಿನ ಮೇಲೆ ಬಿಸಿಲಿಗೆ ಒಣಗಿಸಿ ಹಾಕಿದರೆ ಎಂಜಿನ್ನು ಇನ್ನಷ್ಟು ಜೋರಾಗಿ ಹೋಗಿ ಬಿತ್ತು. ಮೂರನೇ ದಿನ ಸಂಜೆ ನಾನು ಅಳುತ್ತ ಕೂತಾಗ ಇಮಾಮ್ ಕಾಕಾ ನಟ್ಟು ಬಿಗಿಯುವ ಪಾನಾ ಕೈಯಲ್ಲಿ ಹಿಡಿದೇ ಬಂದು ಕುಕ್ಕರಗಾಲಲ್ಲಿ ಕೂತರು. ರೈಲನ್ನು ಮುಟ್ಟಲಿಲ್ಲ, ತಾಟಿನ ನೀರನ್ನೇ ನೋಡಿದರು.

"ರೈಲಿಂದೇನ್ ತಪ್ಪಿಲ್ಲ ಬೇಟಿ, ನೆಲ ಅಲ್ಲಾಡಾಕತ್ತೈತಿ," ಅಂದರು. "ನೆಲಾ ನಿಂದ್ರಸಾಕ ಆಗೂದಿಲ್ಲ. ನಡುವ ಹಾಸಗಿ ಹಾಸು."

ಮಗ್ಗದ ಕೆಳಗೆ ಬಿದ್ದ ವೇಸ್ಟ್ ನೂಲಿನ ಚೀಲಗಳಿಗೆ ನಮ್ಮಲ್ಲಿ ಬರವೇ ಇರಲಿಲ್ಲ. ಹಲಗೆಯ ಕೆಳಗೆ ನೂಲು ತುರುಕಿದೆವು. ಒಂದು ಕಡೆ ಹೆಚ್ಚಾಗಿ ಹಲಗೆ ವಾಲಿತು, ಹೊಳೆ ಚೆಲ್ಲಿತು. ತೆಗೆದು, ಬಿಚ್ಚಿ, ನಾಲ್ಕು ಮೂಲೆಗೂ ಒಂದೇ ಅಳತೆಯ ಗಂಟು ಕಟ್ಟಿಟ್ಟು, ಮತ್ತೆ ನೀರು ತುಂಬಿ ನೋಡಿದೆವು. ಎಂಟು ಮಗ್ಗ ಬಡಿಯುತ್ತಿದ್ದರೂ ಹೊಳೆಯಲ್ಲಿ ತೆರೆ ಬಹಳ ಸಣ್ಣದಾಗಿತ್ತು. ಶಬಾನಾ ಖುಷಿಯಲ್ಲಿ ನನ್ನ ಭುಜ ಚಿವುಟಿದ ಗುರುತು ಎರಡು ದಿನ ಇತ್ತು.

ಮರುದಿನ ನಾವು ಸೆಲ್ಲು ಹಾಕುವಾಗಲೇ ಹೊರಗೆ ಟೆಂಪೋದ ಹಾರ್ನ್ ಕೇಳಿತು. ಬೀಮು ಬಂದಿತ್ತು. ಅಪ್ಪ ಮತ್ತು ಇಮಾಮ್ ಕಾಕಾ ಮೊದಲನೇ ಬೀಮನ್ನು ಹೆಗಲ ಮೇಲೆ ಹೊತ್ತು ಬಾಗಿಲಿಗೆ ಬಂದೇಬಿಟ್ಟರು. ನಾನು ಗುಂಡಿ ಒತ್ತಿದೆ. ಅವರ ಹೆಜ್ಜೆಗೆ ಹೊಳೆಯಲ್ಲಿ ತೆರೆ ಎದ್ದದ್ದು ಕಂಡು ನನ್ನ ಜೀವ ಬಾಯಿಗೆ ಬಂತು. ಅಪ್ಪನೂ ಅದನ್ನು ಕಂಡಿರಬೇಕು. ಅಷ್ಟು ಭಾರ ಹೊತ್ತುಕೊಂಡೇ ಬಾಗಿಲಲ್ಲಿ ನಿಂತುಬಿಟ್ಟರು. ಎಂಜಿನ್ನು ತಿರುವು ದಾಟಿತು, ಸೇತುವೆ ಹತ್ತಿತು, ಮೂರನೇ ಬೋಗಿ ಒಮ್ಮೆ ಓಲಾಡಿತು, ದಾಟಿತು. ಸುತ್ತು ಮುಗಿಸಿ ಹೊರಟ ಜಾಗಕ್ಕೆ ಬಂದಾಗ ಗುಂಡಿ ಒತ್ತಿ ನಿಲ್ಲಿಸಿದೆ. ನಾವು ಕಿರುಚಿದ್ದು ಮಗ್ಗದ ಸದ್ದಿನಲ್ಲಿ ನಮಗೇ ಕೇಳಲಿಲ್ಲ.

ಅಪ್ಪ ಕತ್ತಿನ ನರ ಉಬ್ಬಿಸಿಕೊಂಡು ಕೂಗಿದರು: "ಇನ್ನೊಮ್ಮೆ ಓಡ್ಸು ನೋಡೂಣು."

ಬೀಮುಗಳು ಆ ವರ್ಷವೆಲ್ಲ ಪಡಸಾಲೆಯಲ್ಲೇ ಬಿದ್ದಿದ್ದವು. ಅವ್ವ ಎಡವಿದಾಗಲೆಲ್ಲ ರೈಲಿಗೆ ಬೈದಳು.

ಈಗ ನಿಪ್ಪಾಣಿಯ ನನ್ನ ಮನೆಯಲ್ಲಿ ಒಂದು ಕೋಣೆಯೇ ರೈಲಿಗೆ. ಹಳಿ ಬದಲಿಸುವ ಕೀಲಿ, ಕೆಂಪು ಹಸಿರು ದೀಪ, ಮತ್ತೆ ಅದೇ ಕುಡಚಿಯ ಸೇತುವೆ. ಹೊಳೆ ಮಾತ್ರ ಗಾಜಿನದು. ಕಳೆದ ತಿಂಗಳು ಅದರ ವಿಡಿಯೋವನ್ನು ಕಾಗವಾಡದಲ್ಲಿರುವ ಶಬಾನಾಗೆ ಕಳಿಸಿದೆ. ಮರಳಿ ಫೋನಿನಲ್ಲಿ ಅವಳ ದನಿ ಬಂತು: "ಭಾಳ ಚೆಂದ ಐತಿ. ಆದ್ರ ನಿನ್ ಹೊಳ್ಯಾಗ ತೆರಿನ ಇಲ್ಲಲ್ಲ ಲೇ."

ನಿಜ. ಅಪ್ಪ ಹೋದ ಮೇಲೆ ಎಂಟು ಮಗ್ಗವೂ ಗುಜರಿಗೆ ಹೋದವು. ನನ್ನ ರೈಲು ಈಗ ಬೀಳುವುದೇ ಇಲ್ಲ, ಅದಕ್ಕೇ ಏನೋ ಅದು ದಾಟಿದಾಗ ನಾನು ಕಿರುಚುವುದೂ ಇಲ್ಲ. ಮೊನ್ನೆ ಮಧ್ಯಾಹ್ನ ಕರೆಂಟು ಹೋಯಿತು. ಈಗಿನ ರೈಲು ಕರೆಂಟಿನದು, ಸೇತುವೆಯ ನಡುವೆ ನಿಂತಿತು. ಅಪ್ಪನ ಹಾಗೆ ನಾನೂ ಬಲ್ಬನ್ನೇ ನೋಡುತ್ತ ಕೂತೆ. ಸುಮ್ಮನೆ ಒಮ್ಮೆ ಚಪ್ಪಾಳೆ ತಟ್ಟಿದೆ. ಯಾರೂ ತಿರುಗಿ ನೋಡಲಿಲ್ಲ.