ಅಡಿಕೆಗಾ, ಚಾವಡಿಗಾ?

ಅವರ ಚೂಡಿದಾರದ ಬಲಗಾಲಿಗೆ ಬಟ್ಟೆ ಒಣಗಿಸುವ ಎರಡು ಕ್ಲಿಪ್‌ಗಳು ಸದಾ ಕಚ್ಚಿಕೊಂಡಿರುತ್ತಿದ್ದವು. ಒಂದು ನೀಲಿ, ಒಂದು ಹಳದಿ. ಬಟ್ಟೆ ಸೈಕಲ್ಲಿನ ಚೈನಿಗೆ ಸಿಕ್ಕದಿರಲಿ ಎಂದು ಹಾಕಿಕೊಂಡದ್ದು. ಇಳಿದ ಮೇಲೆ ತೆಗೆಯಲು ಮರೆಯುತ್ತಿದ್ದರು. ಬ್ಯಾಂಕಿಗೆ, ಮೀನು ಮಾರ್ಕೆಟಿಗೆ, ಭಾನುವಾರದ ಪೂಜೆಗೆ ಕ್ಲಿಪ್ ಸಮೇತ ಹೋದವರು. ಇಗರ್ಜಿಯಲ್ಲಿ ಯಾರೋ ತೋರಿಸಿಕೊಟ್ಟಾಗ, "ಇರಲಿ, ದೇವರಿಗೆ ಗುರುತು ಸಿಗ್ತದೆ" ಎಂದರಂತೆ.

ನಮ್ಮ ಕಡೆ ಕ್ರೈಸ್ತ ಹೆಂಗಸರನ್ನು ಬಾಯಮ್ಮ ಎಂದು ಕರೆಯುವುದು ರೂಢಿ. ಕುವೈತಿನಲ್ಲಿ ಬಹಳ ವರ್ಷ ನರ್ಸ್ ಆಗಿ ದುಡಿದು ಶಿರ್ತಾಡಿ ಹತ್ತಿರದ ತಮ್ಮ ಊರಿಗೆ ಮರಳಿದ ಇವರು ಎಲ್ಲರಿಗೂ ನರ್ಸ್ ಬಾಯಮ್ಮ. ಮದುವೆ ಆಗಿರಲಿಲ್ಲ. ಗಲ್ಫಿನಿಂದ ಬಂದವರು ಕಾರು ಕೊಳ್ಳುತ್ತಾರೆ. ಇವರು ಗೇರ್ ಇರುವ, ಹಿಂದೆ ಎರಡೂ ಬದಿಗೆ ಚೀಲ ಕಟ್ಟಬಹುದಾದ ಸೈಕಲ್ ಕೊಂಡರು. ಅರವತ್ತು ದಾಟಿದ ಹೆಂಗಸು ಹೆಲ್ಮೆಟ್ ಹಾಕಿ ಗುಡ್ಡೆ ಹತ್ತುವುದನ್ನು ಊರು ಒಂದಷ್ಟು ದಿನ ನೋಡಿ ನಕ್ಕಿತು. ಆಮೇಲೆ ದಾರಿ ಕೇಳಿಕೊಂಡು ಬೆಂಗಳೂರು, ಪುಣೆಯ ಸೈಕಲ್ ಸವಾರರು ಅವರ ಮನೆಗೆ ಬರತೊಡಗಿದರು. ಊರು ನಗುವುದನ್ನು ಬಿಟ್ಟಿತು.

ಮೂರು ದಿನದ ದಾರಿ ಅವರದು. ಮೂಡುಬಿದಿರೆಯ ಸಾವಿರ ಕಂಬದ ಬಸದಿಯಿಂದ ಹೊರಟು ಒಳರಸ್ತೆಗಳಲ್ಲಿ ವೇಣೂರು, ಅಲ್ಲಿಂದ ಬೆಳ್ತಂಗಡಿ, ರಾತ್ರಿಗೆ ಉಜಿರೆ. ಮರುದಿನ ಗಡಾಯಿಕಲ್ಲನ್ನು ಬೆನ್ನಿಗೆ ಹಾಕಿಕೊಂಡು ಕಾರಿಂಜದ ಬೆಟ್ಟ, ಬಂಟ್ವಾಳ ಪೇಟೆ. ಮೂರನೆಯ ದಿನ ಸಿದ್ದಕಟ್ಟೆ ಮಾರ್ಗವಾಗಿ ಮತ್ತೆ ಮೂಡುಬಿದಿರೆ. ನಡುವೆ ನಕಾಶೆಯಲ್ಲಿ ಹೆಸರಿಲ್ಲದ ಸಣ್ಣ ಬಸದಿಗಳು. ಬೀಗದ ಕೈ ಯಾವ ಮನೆಯಲ್ಲಿ ಉಂಟು, ಆ ಮನೆಯವರು ಎಷ್ಟು ಗಂಟೆಗೆ ದನದ ಹಟ್ಟಿಯ ಕೆಲಸ ಮುಗಿಸುತ್ತಾರೆ ಎಂಬುದನ್ನು ನೋಡಿಕೊಂಡೇ ಅವರು ಸವಾರಿಯ ಸಮಯ ಗೊತ್ತುಮಾಡುತ್ತಿದ್ದರು.

ನಾನು ಮೂಡುಬಿದಿರೆಯಲ್ಲಿ ಪತ್ರಿಕೆಯೊಂದರ ವರದಿಗಾರ. ಈ ದಾರಿಯ ಬಗ್ಗೆ ಬರೆಯಲು ಹೋದವನು, ನಿಮ್ಮ ಹಿಂದೆ ಬೈಕಿನಲ್ಲಿ ಬರುತ್ತೇನೆ ಎಂದೆ.

"ಬೈಕಿನಲ್ಲಿ ಬಂದವನಿಗೆ ಏರು ಗೊತ್ತಾಗುವುದಿಲ್ಲ ಮಾರಾಯ. ಏರು ಗೊತ್ತಾಗದಿದ್ರೆ ಏನು ಬರೀತೀ?" ಎಂದು ತಮ್ಮ ಇನ್ನೊಂದು ಸೈಕಲ್ ಕೊಟ್ಟರು. ಅಂದಿನಿಂದ ಅವರ ಜೊತೆ ಎಷ್ಟೋ ಸವಾರಿ ಮಾಡಿದೆ.

ಏರಿನಲ್ಲಿ ಅವರು ಎಲ್ಲರ ಪಕ್ಕಕ್ಕೂ ಬಂದು ಒಂದೇ ಪ್ರಶ್ನೆ ಕೇಳುತ್ತಿದ್ದರು: "ನಿನ್ನೆ ಯಾವ ಮೀನು?" ಮೀನು ತಿನ್ನದವರಿಗೆ, "ಗಂಜಿಗೆ ಏನು ಚಟ್ನಿ?" ಒಂದೇ ಉಸಿರಿಗೆ "ಬೂತಾಯಿ ಪುಳಿಮುಂಚಿ" ಎಂದವನು ಮುಂದೆ ಹೋಗಬಹುದು. ಬೆಂಗಳೂರಿನವನೊಬ್ಬ "ಬೂ..." ಎಂದು ಅಲ್ಲಿಗೇ ನಿಂತಾಗ, "ಇಳಿಯಿರಿ ಮಾರಾಯ್ರೆ, ಉಸಿರಿನ ಜೊತೆ ಮೀನೂ ಹೋಗ್ತದೆ" ಎಂದು ಅವನನ್ನು ಮರದಡಿ ಕೂರಿಸಿದರು. ಏರು ಮುಗಿದಲ್ಲಿ ಪ್ರತಿಯೊಬ್ಬರ ಮಣಿಕಟ್ಟು ಹಿಡಿದು ನಾಡಿ ನೋಡುವರು. ಆಗ ಯಾರೂ ಮಾತಾಡಬಾರದು. ಏದುಸಿರು ಬಿಡುತ್ತ, ಬೆವರು ಒರೆಸದೆ, ಪ್ರಾಯದ ಗಂಡಸರು ಕೈ ಚಾಚಿ ಸಾಲಿನಲ್ಲಿ ನಿಂತಿರುತ್ತಿದ್ದರು.

ಮೊದಲ ದಿನದ ದಾರಿಯಲ್ಲಿ ಒಂದು ಹೊಳೆ ದಾಟಬೇಕಿತ್ತು. ಅದಕ್ಕೆ ಕಿಂಡಿ ಅಣೆಕಟ್ಟು ಉಂಟು: ಮಳೆ ಮುಗಿದ ಮೇಲೆ ಕಿಂಡಿಗಳಿಗೆ ಹಲಗೆ ಇಳಿಸಿ ನೀರು ನಿಲ್ಲಿಸುವ, ಮೇಲೆ ಒಂದಾಳು ಸೈಕಲ್ ಹಿಡಿದು ಹೋಗುವಷ್ಟು ಅಗಲದ ಗೋಡೆ. ಹೊಳೆಯ ಆಚೆ ದಡದಿಂದ ದಾರಿ ನೇರ ಊರಿನ ಗುತ್ತಿನ ಅಂಗಳಕ್ಕೆ ಹತ್ತುತ್ತದೆ. ಗುತ್ತು ಎಂದರೆ ಹಿಂದೆ ಇಡೀ ಊರಿನ ಜಮೀನು ಹೊಂದಿದ್ದ ದೊಡ್ಡ ಮನೆ. ಅಂಗಳ ಅವರದು, ದಾರಿ ಅವರ ಒಪ್ಪಿಗೆಯಿಂದ ನಡೆದುಬಂದದ್ದು.

ಒಂದು ವರ್ಷ ಆ ಅಂಗಳಕ್ಕೆ ಕಬ್ಬಿಣದ ಗೇಟು ಬಂತು. ವಿಡಿಯೋ ಮಾಡಲು ಬಂದ ಯಾರೋ ಬೈಕಿನವರು ಒಣಗಲು ಹರಡಿದ್ದ ಅಡಿಕೆಯ ಮೇಲೆಯೇ ಓಡಿಸಿದ್ದರು. ಗೇಟಿಗೆ ಬೀಗ ಬಿದ್ದ ಮೇಲೆ ಬಾಯಮ್ಮನಿಗೆ ಉಳಿದದ್ದು ಮುಖ್ಯರಸ್ತೆ. ಅಲ್ಲಿ ಸರ್ವಿಸ್ ಬಸ್ಸುಗಳು ಒಂದನ್ನೊಂದು ಹಿಂದೆ ಹಾಕುವ ಭರದಲ್ಲಿ ತಿರುವು ನೋಡುವುದಿಲ್ಲ. ಎರಡನೆಯ ಸವಾರಿಯಲ್ಲೇ ಒಬ್ಬನ ಹ್ಯಾಂಡಲಿಗೆ ಬಸ್ಸು ಸವರಿತು. ಚರಂಡಿಗೆ ಬಿದ್ದ ಅವನ ಭುಜದ ಎಲುಬು ಮುರಿಯಿತು. ಬಾಯಮ್ಮ ತಮ್ಮ ಶಾಲಿನಿಂದ ಅವನ ಕೈಯನ್ನು ಎದೆಗೆ ಕಟ್ಟಿದರು, ಆಸ್ಪತ್ರೆಗೆ ಕಳುಹಿಸಿದರು, ಉಳಿದವರನ್ನು ವಾಪಸು ಕರೆತಂದರು.

"ಈ ರಸ್ತೆಯಲ್ಲಿ ಇನ್ನು ನಾನು ಯಾರನ್ನೂ ಕರ್ಕೊಂಡು ಹೋಗುವುದಿಲ್ಲ," ಎಂದರು ನನ್ನಲ್ಲಿ. "ಗೇಟು ತೆಗೆದ್ರೆ ದಾರಿ ಉಂಟು. ತೆಗೆಯದಿದ್ರೆ ಮುಗೀತು."

"ಗುತ್ತಿಗೆ ಹೋಗಿ ಕೇಳುವ" ಎಂದೆ.

"ಅದಕ್ಕೆ ಮೊದಲು ನಿನಗೆ ಒಂದು ವಿಷಯ ಹೇಳ್ಲಿಕ್ಕುಂಟು" ಎಂದರು. ಮಾರನೆಯ ದಿನ ನನ್ನನ್ನು ಅಣೆಕಟ್ಟಿಗೆ ಕರೆದೊಯ್ದು, ಗೋಡೆಯ ಮೇಲೆ ಕೂತು, ವಿಷಯ ಹೇಳಿದರು.

ಅವರ ಅಪ್ಪ ಗುತ್ತಿನ ಒಕ್ಕಲು. ಅಣೆಕಟ್ಟು ಇರುವಲ್ಲಿ ಆಗ ಅಡಿಕೆ ಮರದ ಸಂಕ, ಅಂದರೆ ಕಾಲುಸೇತುವೆ. ಸೈಕಲನ್ನು ಹೆಗಲಿಗೆ ಹಾಕಿ ಸಂಕ ದಾಟಿ, ಬಸಳೆ ಕಟ್ಟುಗಳನ್ನು ಮೂಡುಬಿದಿರೆ ಸಂತೆಗೆ ಒಯ್ಯುತ್ತಿದ್ದರು. ಗುತ್ತಿನ ಅಂಗಳದಲ್ಲಿ ಒಕ್ಕಲಿನವರು ಸೈಕಲ್ ಬಿಡುವಂತಿರಲಿಲ್ಲ. ಇಳಿಯಬೇಕು, ಮೊಣಕಾಲ ಮೇಲೆ ಎತ್ತಿ ಕಟ್ಟಿದ ಮುಂಡಿನ, ಅಂದರೆ ಪಂಚೆಯ, ಮಡಿಕೆ ಬಿಚ್ಚಿ ಕೆಳಗೆ ಬಿಡಬೇಕು, ನಡೆಯಬೇಕು.

"ಜಗಲಿಯಲ್ಲಿ ಯಾರೂ ಇಲ್ಲದಿದ್ರೂ ಇಳಿಯುತ್ತಿದ್ರು. ನಾನು ಹಿಂದೆ ಕ್ಯಾರಿಯರಿನಲ್ಲಿ. ನನ್ನನ್ನೂ ಇಳಿಸ್ತಿದ್ರು. ಭೂಮಸೂದೆ ಬಂತು, ಜಾಗ ನಮ್ಮ ಹೆಸರಿಗೆ ಆಯ್ತು. ಆಮೇಲೂ ಇಳಿದ್ರು. ಯಾಕಪ್ಪ ಅಂತ ಕೇಳಿದ್ರೆ, ಕಾಲು ತಾನಾಗಿ ಇಳೀತದೆ ಮಗಾ ಅಂದ್ರು."

ಸೈಕಲ್ ಕೊಂಡ ಮೊದಲ ವಾರ ಬಾಯಮ್ಮ ಹೋದದ್ದೇ ಆ ಅಂಗಳಕ್ಕೆ. ಇಳಿಯದೆ ದಾಟಿದ್ದರು. ಮೂರು ದಿನದ ದಾರಿ ಶುರುವಾದದ್ದು ಹಾಗೆ.

ಗುತ್ತಿಗೆ ಇಬ್ಬರೂ ಹೋದೆವು. ಯಜಮಾನರಿಗೆ ಬಾಯಮ್ಮನದೇ ಪ್ರಾಯ ಇರಬೇಕು. ಜಗಲಿಯಲ್ಲಿ ಕೂರಿಸಿ, ನಮ್ಮ ಕಡೆಯ ಪದ್ಧತಿಯಂತೆ ಬೆಲ್ಲ, ನೀರು ಕೊಡಿಸಿದರು. ಅವರ ಅಳಿಯ, ಅಂದರೆ ಅಕ್ಕನ ಮಗ, ಕಂಬಕ್ಕೆ ಒರಗಿ ನಿಂತಿದ್ದ. ಮಾತು ನಡೆದದ್ದು ತುಳುವಿನಲ್ಲಿ. ಇಲ್ಲಿ ಕನ್ನಡದಲ್ಲಿ ಕೊಡುತ್ತಿದ್ದೇನೆ.

"ನಿಮ್ಮ ಮೇಲೆ ಸಿಟ್ಟಿಲ್ಲ ಬಾಯಮ್ಮ. ಅಡಿಕೆ ಮೇಲೆ ಒಂದು ಸಲ ಓಡಿಸಿದ್ರು. ವಿಡಿಯೋ ಚಂದ ಬರ್ಲಿಲ್ಲ ಅಂತ ತಿರುಗಿ ಬಂದು ಇನ್ನೊಂದು ಸಲ ಓಡಿಸಿದ್ರು."

"ಗೇಟು ಹಾಕಿದ್ದು ಸರಿಯೇ. ನಾನಾದ್ರೆ ನಾಯಿ ಬಿಡ್ತಿದ್ದೆ."

"ನಾಯಿ ಉಂಟು. ನಿಮ್ಮ ಸೈಕಲಿನವರ ಬಿಸ್ಕತ್ತು ತಿಂದು ನಿಮ್ಮ ಪಾರ್ಟಿ ಸೇರಿದೆ."

ಎಲ್ಲರೂ ನಕ್ಕೆವು. ಯಜಮಾನರು ಮುಂದುವರಿಸಿದರು: "ಗೇಟು ತೆಗೀತೇನೆ. ಒಂದೇ ಮಾತು. ಅಂಗಳದಲ್ಲಿ ಯಾರೂ ಸವಾರಿ ಮಾಡಬಾರ್ದು. ಇಳಿದು, ಸೈಕಲ್ ದೂಡಿಕೊಂಡು ಹೋಗ್ಬೇಕು."

ಬಾಯಮ್ಮ ನೀರಿನ ಚೊಂಬು ಕೆಳಗಿಟ್ಟರು. ಅವರ ಕೈ ಬಲಗಾಲಿನ ಕ್ಲಿಪ್ಪಿನತ್ತ ಹೋಯಿತು. ಅವರು ಎದ್ದು ಹೊರಡುತ್ತಾರೆ ಎಂದುಕೊಂಡೆ.

"ಯಜಮಾನ್ರೇ," ಎಂದರು. ಅವರ ಅಪ್ಪ ಧನಿಗಳೇ ಎನ್ನುತ್ತಿದ್ದ ಮನೆ ಅದು. "ಇಳಿಯುವುದು ಅಡಿಕೆಗಾ, ಚಾವಡಿಗಾ?"

ಚಾವಡಿ ಎಂದರೆ ಗುತ್ತಿನ ಯಜಮಾನರು ಕೂತು ಊರಿನ ನ್ಯಾಯ ತೀರ್ಮಾನಿಸುತ್ತಿದ್ದ ಪಡಸಾಲೆ. ನಾವು ಕೂತ ಜಗಲಿಯ ಹಿಂದೆಯೇ ಅದರ ಕೆತ್ತನೆಯ ಕಂಬಗಳು ಕಾಣುತ್ತಿದ್ದವು. ಯಜಮಾನರು ತಿರುಗಿ ಆ ಕಂಬಗಳನ್ನು ನೋಡಲಿಲ್ಲ. ಅಂಗಳದ ಅಡಿಕೆಯನ್ನೇ ನೋಡುತ್ತ ಹೇಳಿದರು:

"ನಿಮ್ಮ ಅಪ್ಪ ಇಲ್ಲಿ ಇಳಿಯುತ್ತಿದ್ದದ್ದು ನೆನಪುಂಟು ನನಗೆ. ನಾನು ಸಣ್ಣವ. ಓಡಿ ಹೋಗಿ ಅವರ ಸೈಕಲಿನ ಬೆಲ್ ಬಾರಿಸ್ತಿದ್ದೆ. ನಾನು ಬೆಲ್ ಬಾರಿಸ್ಲಿಕ್ಕೆ ಅಂತಲೇ ಇಳಿಯುವುದು ಅಂತ ಗ್ರಹಿಸಿದ್ದೆ."

"ಅಪ್ಪ ಅದನ್ನು ಮನೆಯಲ್ಲಿ ಹೇಳ್ಲಿಲ್ಲ" ಎಂದರು ಬಾಯಮ್ಮ.

"ಅಡಿಕೆಗೆ ಬಾಯಮ್ಮ," ಎಂದರು ಯಜಮಾನರು. "ಅಡಿಕೆಗೆ ಮಾತ್ರ."

"ಹಾಗಾದ್ರೆ ಅಡಿಕೆ ಇರುವಾಗ ಎಲ್ಲರೂ ಇಳಿಯುವ. ನಿಮ್ಮ ಅಳಿಯನ ಬುಲೆಟ್ಟೂ ಸೇರಿ. ಅಂಗಳ ಖಾಲಿ ಇರುವಾಗ ಯಾರೂ ಇಳಿಯುವುದು ಬೇಡ."

ಕಂಬಕ್ಕೆ ಒರಗಿದ್ದ ಅಳಿಯ ನೆಟ್ಟಗಾದ. "ಬುಲೆಟ್ ದೂಡ್ಲಿಕ್ಕಾ? ಅದರ ಭಾರ ಗೊತ್ತುಂಟಾ ನಿಮಗೆ?"

"ಉಸಿರು ಕಟ್ಟಿದ್ರೆ ನನ್ನನ್ನು ಕರಿ ಮಗಾ. ನಾಡಿ ನೋಡ್ತೇನೆ."

ಮೊದಲು ನಕ್ಕದ್ದು ಯಜಮಾನರು. ಬೀಗದ ಕೈ ತರಲು ಅಳಿಯನನ್ನೇ ಒಳಗೆ ಕಳುಹಿಸಿದರು.

ಮುಂದಿನ ಸವಾರಿಯಲ್ಲಿ ನಾವು ಹತ್ತು ಹನ್ನೆರಡು ಮಂದಿ ಸೈಕಲ್ ದೂಡುತ್ತ ಅಡಿಕೆಯ ಅಂಚಿನಲ್ಲಿ ಹೋಗುತ್ತಿದ್ದಾಗ ಎದುರಿನಿಂದ ಅಳಿಯ ಬಂದ. ಬುಲೆಟ್ಟಿನ ಇಂಜಿನ್ ಆಫ್. ಹ್ಯಾಂಡಲ್ ಹಿಡಿದು, ಬೆವರಿಳಿಸಿಕೊಂಡು ದೂಡುತ್ತಿದ್ದ. ಬಾಯಮ್ಮ ಪಕ್ಕಕ್ಕೆ ಸರಿದು ದಾರಿ ಬಿಟ್ಟರು. "ನಿನ್ನೆ ಯಾವ ಮೀನು?" ಎಂದು ಕೇಳಿದರು. ಅವನು "ಬೂ..." ಎಂದಷ್ಟೇ ಹೇಳಿ ದೂಡುತ್ತ ಮುಂದೆ ಹೋದ. ಮರುವರ್ಷ ಮಳೆ ನಿಂತು, ಅಡಿಕೆ ಬರುವ ಮೊದಲು ಅಂಗಳ ಇನ್ನೂ ಖಾಲಿ ಇದ್ದ ದಿನಗಳಲ್ಲಿ ಮಾತ್ರ ನಾವೂ ಅವನೂ ಸವಾರಿ ಮಾಡಿಯೇ ದಾಟಿದೆವು. ಬಾಯಮ್ಮ ಬೆಲ್ ಬಾರಿಸುತ್ತ ದಾಟುತ್ತಿದ್ದರು.

ಅವರಿಂದ ನನಗೆ ಬಂದದ್ದರಲ್ಲಿ ಕಾಲಿನ ತ್ರಾಣ ಒಂದು. ಇನ್ನೊಂದು, ಗುತ್ತಿನ ಜಗಲಿಯಲ್ಲಿ ಕೇಳಿದ ಆ ಪ್ರಶ್ನೆ. ಯಾವುದೇ ಕಚೇರಿ, ದೇವಸ್ಥಾನ, ಕಾಲೇಜು ಒಂದು ಹೊಸ ನಿಯಮ ಹೊರಡಿಸಿದೆ ಎಂಬ ಸುದ್ದಿ ಬಂದಾಗ ನಾನು ಈಗಲೂ ಮೊದಲು ಕೇಳುವುದು ಅದನ್ನೇ, ಬೇರೆ ಮಾತುಗಳಲ್ಲಿ. ಅಡಿಕೆಗೆ ಎಂದು ಸಾಬೀತಾದರೆ ನಿಯಮದ ಸುದ್ದಿ ಬರೆಯುತ್ತೇನೆ. ಚಾವಡಿಗೆ ಎಂದಾದರೆ ಬರೆಯಬೇಕಾದ ಸುದ್ದಿ ಬೇರೆ.

ಕಾಯಿಲೆ ಅವರಿಗೆ ಬೇಗ ಗೊತ್ತಾಗಿತ್ತು. ನಮಗೆ ಹೇಳಿದ್ದು ತಡ. ಆಸ್ಪತ್ರೆಯಲ್ಲಿ ನೋಡಲು ಹೋದಾಗ ಮಲಗಿದಲ್ಲಿಂದಲೇ ನನ್ನ ಮಣಿಕಟ್ಟು ಹಿಡಿದರು. ನಾನು ರೂಢಿಯಂತೆ ಮಾತು ನಿಲ್ಲಿಸಿದೆ. "ಸೈಕಲ್ ಮುಟ್ಟದೆ ಸುಮಾರು ದಿನ ಆಯ್ತಲ್ಲ?" ಎಂದರು. ಹೌದು ಎಂದೆ. "ದಾರಿಯನ್ನು ಹಾಗೆ ಬಿಡಬೇಡ. ಜನ ಬರ್ತಾ ಇರಬೇಕು. ಬಾರದಿದ್ರೆ ಗೇಟಿಗೆ ಪುನಃ ಬೀಗ ಬೀಳ್ತದೆ." ಈಗ ತಿಂಗಳಿಗೊಂದು ಸವಾರಿ ಹೊರಡುತ್ತದೆ. ಕರೆದುಕೊಂಡು ಹೋಗುವವರಲ್ಲಿ ನಾನೂ ಒಬ್ಬ.

ಅವರ ಮನೆ ಇರುವುದು ಗುಡ್ಡೆಯ ನೆತ್ತಿಯಲ್ಲಿ. ಅಂತ್ಯಕ್ರಿಯೆಯ ದಿನ ಅಂಗಳದ ಪಾಗಾರದ ಗೋಡೆಗೆ ಉದ್ದಕ್ಕೂ ಸೈಕಲ್‌ಗಳನ್ನು ಒರಗಿಸಿದ್ದರು. ಬಸದಿಗಳ ಬೀಗದ ಕೈ ಇಟ್ಟುಕೊಳ್ಳುವ ಮನೆಗಳವರು ಬಂದಿದ್ದರು. ಬರುವವರಿಗೆ ದಾರಿ ತೋರಿಸಲು ನಾನು ಏರಿನ ಬುಡದಲ್ಲಿ ನಿಂತಿದ್ದೆ. ಗುತ್ತಿನ ಕಾರು ಬಂದು ಅಲ್ಲೇ ನಿಂತಿತು. ಓಡಿಸುತ್ತಿದ್ದದ್ದು ಅಳಿಯ. ಮಂಡಿ ಆಪರೇಷನ್ ಆಗಿದ್ದ ಯಜಮಾನರು ಹಿಂದಿನ ಬಾಗಿಲು ತೆರೆದು ಕೋಲನ್ನು ಮೊದಲು ಹೊರಗಿಟ್ಟರು.

"ಕಾರು ಮೇಲೆ ಅಂಗಳದವರೆಗೂ ಹೋಗ್ತದೆ ಮಾವ," ಎಂದ ಅಳಿಯ.

"ಗೊತ್ತುಂಟು" ಎಂದು ಯಜಮಾನರು ಇಳಿದರು. ಎತ್ತಿ ಕಟ್ಟಿದ್ದ ಮುಂಡನ್ನು ಬಿಚ್ಚಿ ಕೆಳಗೆ ಬಿಟ್ಟು, ಏರು ಹತ್ತತೊಡಗಿದರು.