ಡೋನಟ್ ಅಂಗಡಿಯ ನಮಸ್ಕಾರ

ಅಮೆರಿಕದ ಟೊರೆನ್ಸ್ ಊರಿನ ಡೋನಟ್ ಅಂಗಡಿಯಲ್ಲಿ ಬೆಳಗ್ಗೆ ಏಳಕ್ಕೇ ಸಾಲು. ಗಾಜಿನ ಕಪಾಟಿನ ಹಿಂದಿದ್ದ ಅಜ್ಜಿ ನನ್ನನ್ನು ಕಂಡದ್ದೇ ಕೈಮುಗಿದರು. ನಾನು ಹಿಗ್ಗಿಹೋದೆ.

"ನಮ್ಮವರು ಇವರಿಗೂ ನಮಸ್ಕಾರ ಕಲಿಸಿಬಿಟ್ಟಿದ್ದಾರೆ!" ಎಂದೆ, ನನ್ನನ್ನು ಕರೆತಂದಿದ್ದ ಧಾರವಾಡದ ಸುಮಕ್ಕನಿಗೆ.

"ನಾವೆಲ್ಲಿ ಕಲಿಸೇವ್ರಿ? ಅದು ಅವರದ ಪದ್ಧತಿ. ಐವತ್ತು ವರ್ಷದ ಹಿಂದ ಯುದ್ಧದಾಗ ಕಾಂಬೋಡಿಯಾದಿಂದ ಓಡಿ ಬಂದವರು. ಇಲ್ಲಿ ಭಾಳಷ್ಟು ಡೋನಟ್ ಅಂಗಡಿ ಅವರವ" ಎಂದು ಸುಮಕ್ಕ ನಕ್ಕರು. ಅಮೆರಿಕದವರ ಬೆಳಗಿನ ತಿಂಡಿಯನ್ನು ಅಂದಿನಿಂದ ಕರಿಯುತ್ತಿರುವುದು ಈ ಕೈಗಳೇ.

ಪೆಚ್ಚಾಗಿ ನಾನೂ ಕೈಮುಗಿದೆ. ನನ್ನ ಹಿಂದಿದ್ದ, ತೋಳಿನ ತುಂಬ ಹಚ್ಚೆಯ ಟ್ರಕ್ ಡ್ರೈವರ್ ಬೀಗದ ಕೈಗಳ ಗೊಂಚಲನ್ನು ಜೇಬಿಗೆ ಹಾಕಿಕೊಂಡು, ಅಜ್ಜಿಗೆ ನನಗಿಂತ ಚೆನ್ನಾಗಿ ಕೈಮುಗಿದ. ಆಮೇಲೆ ನನ್ನತ್ತ ತಿರುಗಿ ಖುಷಿಯಿಂದ ಇಂಗ್ಲಿಷಿನಲ್ಲಿ ಕೇಳಿದ:

"ನೀವೂ ಕಾಂಬೋಡಿಯಾದವರಾ?"