ಉದುರಿದ ಬೆಳ್ಳಿಗೆರೆ

“ನೋಡೇ, ಆಕಾಶದಿಂದ ಬಿದ್ದ ಕಲ್ಲದು. ಕಬ್ಬಿಣದ ನಡುವೆ ಬೆಳ್ಳಿ ಥರ ಹೊಳೆಯೋ ಗೆರೆ ಇತ್ತು. ರಂಜಕ ಸೇರಿರೋ ಲೋಹ ಅದು, ಭೂಮಿ ಮೇಲೆ ಸಿಗೋದೇ ಅಪರೂಪ. ಗಾಜಿನ ಹಾಗೆ ಸಿಡಿಯುತ್ತೆ, ಮೆತ್ತಗೆ ಉಜ್ಜಿ ಅಂತ ಹೊಸಬರಿಗೆಲ್ಲ ಹೇಳಿಕೊಡೋನು ನಾನು. ಇವತ್ತು ನನ್ನ ಕೈಯಲ್ಲೇ ಉದುರಿಹೋಯ್ತು.”

ವಸ್ತುಸಂಗ್ರಹಾಲಯದಲ್ಲಿ ಕಲ್ಲು ಕೊಯ್ದು ಹೊಳಪು ಕೊಡುವ ಹೊಳಪಣ್ಣ, ನಡುಗುವ ಬೆರಳುಗಳನ್ನು ಕಂಕುಳಲ್ಲಿ ಅಡಗಿಸಿಕೊಂಡ.

“ಅಷ್ಟು ಮೇಲಿಂದ ಬಿದ್ದೂ ಉಳಿದದ್ದು ನಿಮ್ಮ ಕೈಲಿ ಉಳೀಲಿಲ್ವಾ?” ಎಂದು ನಗಲು ಹೋದ ಹೆಂಡತಿ ಅರ್ಧಕ್ಕೇ ನಿಲ್ಲಿಸಿ ಕೇಳಿದಳು. “ಸಾಹೇಬರಿಗೆ ಏನಂತೀರಿ?”

“ಕಲ್ಲೇ ಬಿರುಕು ಬಿಟ್ಟಿತ್ತು ಅಂದ್ರೆ ನಂಬ್ತಾರೆ. ಆದ್ರೆ ನಾಳೆ ಇನ್ನೊಂದು ಕಲ್ಲು ಕೊಡ್ತಾರಲ್ಲೇ. ಕೈ ನಿಲ್ತಿಲ್ಲ, ಕೆಲಸ ಬಿಡ್ತೀನಿ ಅಂತ ಹೇಳಿಬಿಡ್ತೀನಿ.”

ಅವಳು ಪಾತ್ರೆ ತೊಳೆಯತೊಡಗಿದಳು. ಗಾಜಿನ ಲೋಟಗಳನ್ನು ತನ್ನ ಬಳಿಯೇ ಇಟ್ಟುಕೊಂಡು, ಒರೆಸಲು ಅವನ ಕೈಗೆ ಸ್ಟೀಲ್ ತಟ್ಟೆಗಳನ್ನು ಕೊಟ್ಟಳು.